ಪಾದ್ರಿಯಿಲ್ಲದ ಹದಿನೈದು ವರ್ಷ

ಅಬ್ಬೆ ದುಬಾಯ್ ಎಂಬ ಫ್ರೆಂಚ್ ಪಾದ್ರಿಯವರು ಮೂವತ್ತೊಂದು ವರ್ಷಗಳ ಕಾಲ ದಕ್ಷಿಣ ಭಾರತದಲ್ಲಿ, ಅದರಲ್ಲಿಯೂ ಬಹುಭಾಗ ಮೈಸೂರು ಸೀಮೆಯಲ್ಲಿ, ನಮ್ಮವರ ಉಡುಪನ್ನು ಉಟ್ಟು, ನಮ್ಮವರ ಅನ್ನವನ್ನು ಉಂಡು, ಜನರ ನಡೆನುಡಿಗಳನ್ನು ಹತ್ತಿರದಿಂದ ಬಲ್ಲವರಾಗಿ ಬಾಳಿ, 1823ರಲ್ಲಿ ಸ್ವದೇಶಕ್ಕೆ ಹಿಂದಿರುಗಿದರು. ಅದೇ ವರ್ಷ ಲಂಡನ್ನಿನಲ್ಲಿ ಅಚ್ಚಾದ, ಭಾರತದಲ್ಲಿ ಕ್ರೈಸ್ತಧರ್ಮದ ಸ್ಥಿತಿಗತಿಯನ್ನು ಕುರಿತ ಅವರ ಪತ್ರಸಂಪುಟದಲ್ಲಿ, ಟಿಪ್ಪುಸುಲ್ತಾನನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದ ಕ್ರೈಸ್ತರ ವಿಷಯವಾಗಿ ಒಂದು ಕಠೋರವಾದ ತೀರ್ಪು ಇದೆ. ಅಷ್ಟು ಸಾವಿರ ಜನರಲ್ಲಿ ಒಬ್ಬನಾದರೂ ಎದ್ದು ನಿಂತು, ಪ್ರಾಣವನ್ನಾದರೂ ಕೊಟ್ಟೇನು, ಧರ್ಮವನ್ನು ಬಿಡಲಾರೆನು ಎಂದು ನುಡಿಯಲಿಲ್ಲ; ಎಲ್ಲರೂ ಒಟ್ಟಾಗಿ ತಲೆಬಾಗಿದರು; ಇದು ನಾಚಿಕೆಗೇಡು ಎಂಬುದು ಅವರ ಮಾತಿನ ತಾತ್ಪರ್ಯ. ಆದರೆ ಅದೇ ಪುಟದಲ್ಲಿ, ಅದೇ ಲೇಖನಿಯಿಂದ, ಇನ್ನೊಂದು ಸಂಗತಿಯೂ ದಾಖಲಾಗಿದೆ. ಸುಲ್ತಾನನು ಅಳಿದ ಕೂಡಲೇ ಅವರಲ್ಲಿ ಬಹುಮಂದಿ ಮರಳಿ ಬಂದು, ತಾವು ತ್ಯಜಿಸಿದ್ದು ಹೊರಗಿನ ಆಚಾರವನ್ನೇ ಹೊರತು ಒಳಗಿನ ವಿಶ್ವಾಸವನ್ನಲ್ಲವೆಂದು ಹೇಳಿಕೊಂಡರು. ಅಂಥವರಲ್ಲಿ ಎರಡು ಸಾವಿರದಷ್ಟು ಜನ ದುಬಾಯ್ ಅವರ ಬಳಿಗೇ ಬಂದರು. ಸುಮಾರು 20 ಸಾವಿರ ಮಂದಿ ಮಂಗಳೂರು ಸೀಮೆಗೆ ಹಿಂದಿರುಗಿ, ಕೆಡವಲ್ಪಟ್ಟಿದ್ದ ಇಗರ್ಜಿಗಳನ್ನು ಪುನಃ ಕಟ್ಟಿಕೊಂಡರು.

ಪಾದ್ರಿಯವರು ಈ ಎರಡು ಸಂಗತಿಗಳನ್ನು ಅಕ್ಕಪಕ್ಕದಲ್ಲಿಟ್ಟು, ಮೊದಲನೆಯದಕ್ಕೆ ನಿಟ್ಟುಸಿರಿಟ್ಟರು. ಎರಡನೆಯದನ್ನು ಕುರಿತು ಹೆಚ್ಚಾಗಿ ಯೋಚಿಸಿದಂತೆ ಕಾಣುವುದಿಲ್ಲ. ನನ್ನ ಮನಸ್ಸನ್ನು ಬಹುಕಾಲದಿಂದ ಹಿಡಿದಿರುವುದು ಈ ಎರಡನೆಯದೇ. ಗುಡಿಯಿಲ್ಲದೆ, ಗುರುವಿಲ್ಲದೆ, ಗ್ರಂಥವನ್ನು ಬಹಿರಂಗವಾಗಿ ಕೈಯಲ್ಲಿ ಹಿಡಿಯುವ ಅವಕಾಶವಿಲ್ಲದೆ ಹದಿನೈದು ವರ್ಷ ಕಳೆದ ಒಂದು ಜನಾಂಗವು, ಬಾಗಿಲು ತೆರೆದ ದಿನವೇ ತನ್ನ ಹಿಂದಿನ ಧರ್ಮಕ್ಕೆ ನೇರವಾಗಿ ನಡೆದು ಬಂದಿತೆಂದರೆ, ಆ ಹದಿನೈದು ವರ್ಷಗಳಲ್ಲಿ ಅದನ್ನು ಕಾಪಾಡಿದ ಶಕ್ತಿ ಯಾವುದು? ಸೆರೆಯಾದ 1784ರಲ್ಲಿ ತಾಯ ಮಡಿಲಲ್ಲಿದ್ದ ಕೂಸು, ಸುಲ್ತಾನನು ಅಳಿದ 1799ರಲ್ಲಿ ಮೀಸೆ ಚಿಗುರುವ ತರುಣನಾಗಿರುತ್ತದೆ. ಅದು ಇಗರ್ಜಿಯ ಗಂಟೆಯನ್ನು ಕೇಳಿದ್ದಿಲ್ಲ, ಬಲಿಪೂಜೆಯನ್ನು ಕಂಡದ್ದಿಲ್ಲ, ಪಾದ್ರಿಯ ಮುಖವನ್ನೇ ಅರಿಯದು. ಅಂಥ ತರುಣನಿಗೆ ತಾನು ಕ್ರೈಸ್ತನೆಂದು ತಿಳಿಸಿಕೊಟ್ಟವರು ಯಾರು? ಈ ಪ್ರಶ್ನೆಗೆ ಉತ್ತರವನ್ನು ಅರಸಬೇಕಾದರೆ ಸೆರೆಯ ಕಾಲಕ್ಕಿಂತ ಇನ್ನೂರು ವರ್ಷ ಹಿಂದಕ್ಕೆ ಹೋಗಬೇಕಾಗುತ್ತದೆ.

ಹೀಗೆ ಸೆರೆಯಾದ ತುಳುನಾಡಿನ ಕೊಂಕಣಿ ಕ್ರೈಸ್ತರು ಮೂಲತಃ ಗೋವೆಯಿಂದ ಬಂದವರು. 1560ರಲ್ಲಿ ಅಲ್ಲಿ ಸ್ಥಾಪಿತವಾದ ಧರ್ಮವಿಚಾರಣೆಯ ನ್ಯಾಯಾಲಯದ ಭಯ, ಕ್ಷಾಮ, ತೆರಿಗೆಯ ಭಾರ, 1683ರಲ್ಲಿ ಸಂಭಾಜಿಯ ದಂಡಯಾತ್ರೆ, 1739ರ ಹೊತ್ತಿನಲ್ಲಿ ಬಾರ್ದೇಶದ ಮೇಲೆ ನಡೆದ ಮರಾಠರ ದಾಳಿ, ಇವುಗಳಿಂದ ಅಲೆಅಲೆಯಾಗಿ ಹೊರಟ ಕುಟುಂಬಗಳು ಕಡಲ ತೀರವನ್ನು ಹಿಡಿದು ದಕ್ಷಿಣಕ್ಕೆ ಸರಿದವು. ಇಲ್ಲಿ ಅವರನ್ನು ಬರಮಾಡಿಕೊಂಡವರು ವೀರಶೈವರಾದ ಕೆಳದಿಯ ಅರಸರು. ಭತ್ತದ ಬೇಸಾಯದಲ್ಲಿ ನುರಿತ ಈ ಒಕ್ಕಲುಗಳು ಬೀಳುಭೂಮಿಯನ್ನು ಗದ್ದೆಯಾಗಿಸಬಲ್ಲವರೆಂಬುದನ್ನು ಅರಿತು, ಕೆಳದಿಯವರು ಭೂಮಿಯನ್ನು ಕೊಟ್ಟರು. ಇಗರ್ಜಿ ಕಟ್ಟುವುದಕ್ಕೂ ಅಡ್ಡಿಮಾಡಲಿಲ್ಲ. ಮಂಗಳೂರಿನ ಮಿಲಾಗ್ರಿಸ್ ಇಗರ್ಜಿಯು 1680ರಲ್ಲಿ ಎದ್ದದ್ದು ಕೆಳದಿಯ ರಾಣಿ ಚೆನ್ನಮ್ಮಾಜಿಯು ದಯಪಾಲಿಸಿದ ನೆಲದ ಮೇಲೆ. ಒಂದು ಧರ್ಮದ ಅಧಿಕಾರಿಗಳಿಗೆ ಹೆದರಿ ಊರುಬಿಟ್ಟ ಅದೇ ಧರ್ಮದ ಜನಕ್ಕೆ ಇನ್ನೊಂದು ಧರ್ಮದ ಅರಸರು ಆಶ್ರಯಕೊಟ್ಟರೆಂಬುದನ್ನು ನಮ್ಮ ನಾಡಿನ ಚರಿತ್ರೆಯನ್ನು ಓದುವವರು ಮರೆಯತಕ್ಕದ್ದಲ್ಲ.

ಆದರೆ ಪಾದ್ರಿಗಳ ವಿಷಯದಲ್ಲಿ ಈ ಜನಕ್ಕೆ ಮೊದಲಿನಿಂದಲೂ ಸಮೃದ್ಧಿಯೆಂಬುದು ಇರಲಿಲ್ಲ. ಊರೂರಿಗೆ ಗದ್ದೆಗಳ ನಡುವೆ ಹರಡಿಕೊಂಡಿದ್ದ ಮನೆಗಳಿಗೆ ಬೆರಳೆಣಿಕೆಯ ಗುರುಗಳು. ಮಳೆಗಾಲದಲ್ಲಿ ಹೊಳೆಗಳು ತುಂಬಿದರೆ ತಿಂಗಳುಗಟ್ಟಲೆ ಇಗರ್ಜಿಗೆ ಹೋಗುವಂತಿಲ್ಲ. ಇದಕ್ಕೆ ಮೇಲಾಗಿ ಅಧಿಕಾರದ ಜಗಳ ಬೇರೆ. ರೋಮ್ ನಗರದ ಧರ್ಮಪೀಠವು ತುಳುನಾಡನ್ನೊಳಗೊಂಡ ಕೆನರಾ ಪ್ರಾಂತಕ್ಕೆ ತಾಮಸ್ ದ ಕಾಸ್ತ್ರೊ ಎಂಬ ಗೋವೆಯ ಮೂಲದ ಬಿಷಪರನ್ನು ನಿಯಮಿಸಿದರೆ, ಗೋವೆಯ ಆರ್ಚ್‌ಬಿಷಪರು ಆ ನೇಮಕವನ್ನು ಒಪ್ಪದೆ, ಈ ಸೀಮೆ ಪೋರ್ಚುಗೀಸ್ ದೊರೆಯ ಹಕ್ಕಿಗೆ ಸೇರಿದ್ದೆಂದು ವಾದಿಸಿದರು. ಯಾರ ಕೈಯಿಂದ ಸಂಸ್ಕಾರ ಪಡೆದರೆ ಸಿಂಧು, ಯಾರ ಕೈಯಿಂದ ಪಡೆದರೆ ಅಸಿಂಧು ಎಂಬ ಶಂಕೆ ಸಾಮಾನ್ಯನಾದ ಒಕ್ಕಲಿಗನ ಮನಸ್ಸನ್ನೂ ಕಲಕಿತು. ಈ ಕಲಹವನ್ನು ತಣಿಸಲು 1681ರಲ್ಲಿ ಗೋವೆಯಿಂದ ಬಂದವರು ಜೋಸೆಫ್ ವಾಜ್ ಎಂಬ ಮೂವತ್ತು ವರ್ಷದ ಪಾದ್ರಿಗಳು. ಮೂರು ವರ್ಷ ಅವರು ಕೆನರಾದಲ್ಲಿ ಕಾಲ್ನಡೆಯಾಗಿ ತಿರುಗಿದರು. ಮುಡಿಪುವಿನ ಗುಡ್ಡದಲ್ಲಿ ಅವರ ಸ್ಮರಣೆ ಇಂದಿಗೂ ಜೀವಂತವಾಗಿದೆ.

ವಾಜ್ ಅವರ ಮುಂದಿನ ಜೀವನಕ್ಕೂ ನಮ್ಮ ವಿಷಯಕ್ಕೂ ಸಂಬಂಧವಿರುವುದರಿಂದ ಇಲ್ಲಿ ಸ್ವಲ್ಪ ನಿಲ್ಲುವುದು ಯುಕ್ತ. 1687ರಲ್ಲಿ ಅವರು ಸಿಂಹಳಕ್ಕೆ ಹೋದರು. ಅಲ್ಲಿನ ಕರಾವಳಿಯನ್ನು ಪೋರ್ಚುಗೀಸರಿಂದ ಕಸಿದುಕೊಂಡ ಡಚ್ಚರು ಕಥೋಲಿಕ ಪಾದ್ರಿಗಳನ್ನು ಹೊರಗಟ್ಟಿ ಮೂವತ್ತು ವರ್ಷಗಳೇ ಸಮೀಪಿಸಿದ್ದವು. ಕೂಲಿಯವನ ವೇಷದಲ್ಲಿ ದಡಸೇರಿದ ವಾಜ್ ಅವರು, ಕೊರಳಲ್ಲಿ ಜಪಸರವನ್ನು ಹಾಕಿಕೊಂಡು ಭಿಕ್ಷೆ ಬೇಡುತ್ತ ಯಾಳ್ಪಾಣದಲ್ಲಿ ಮನೆಯಿಂದ ಮನೆಗೆ ನಡೆದರೆಂದೂ, ಆ ಸರವನ್ನು ನೋಡಿ ಯಾರ ಕಣ್ಣು ಅರಳುವುದೋ ಅವರೇ ತಮ್ಮವರೆಂದು ಗುರುತಿಸಿದರೆಂದೂ ಅವರ ಚರಿತ್ರಕಾರರು ಬರೆದಿರುವರು. ಮೂವತ್ತು ವರ್ಷ ಗುರುವನ್ನೇ ಕಾಣದ ಜನದಲ್ಲಿ ಆ ಕಣ್ಣುಗಳು ಅರಳಿದವು. ಮುಂದೆ ಅವರು ಆ ದ್ವೀಪದಲ್ಲಿ ಹಳ್ಳಿಹಳ್ಳಿಗೂ ಗೃಹಸ್ಥರಾದ ಮುಖಂಡರನ್ನೂ ಉಪದೇಶಕರನ್ನೂ ನಿಯಮಿಸಿ, ಪಾದ್ರಿ ಇರಲಿ ಇಲ್ಲದಿರಲಿ, ಪ್ರಾರ್ಥನೆ ನಿಲ್ಲದಂತೆ ಏರ್ಪಾಟು ಮಾಡಿದರು. 1711ರಲ್ಲಿ ಕ್ಯಾಂಡಿಯಲ್ಲಿ ತೀರಿಕೊಂಡರು. 2015ರಲ್ಲಿ ಅವರು ಸಂತರೆಂದು ಘೋಷಿಸಲ್ಪಟ್ಟರು. ಗುರುವಿಲ್ಲದ ಕಾಲಕ್ಕೆ ಜನರನ್ನು ಅಣಿಮಾಡುವುದೂ ಗುರುವಿನ ಕೆಲಸವೇ ಎಂಬುದನ್ನು ಅವರಷ್ಟು ಸ್ಪಷ್ಟವಾಗಿ ಕಂಡವರು ವಿರಳ.

ಕೆನರಾದಲ್ಲಿಯೂ ಇಂಥದೇ ಒಂದು ಏರ್ಪಾಟು ಬೆಳೆದು ಬಂದಿತ್ತು. ಪ್ರತಿ ಇಗರ್ಜಿಯ ಸರಹದ್ದಿನೊಳಗಿನ ವಾಡೆವಾಡೆಗೂ ಒಬ್ಬೊಬ್ಬ ಗುರಿಕಾರನಿದ್ದನು. ತುಳುನಾಡಿನ ಬೇರೆ ಬೇರೆ ಜಾತಿಗಳಲ್ಲಿಯೂ ಗುರಿಕಾರನೆಂಬ ಹಿರಿಯನಿರುವುದು ಸರ್ವವಿದಿತ. ಕ್ರೈಸ್ತರು ಈ ನೆಲದ ಪದ್ಧತಿಯನ್ನೇ ತಮ್ಮದಾಗಿಸಿಕೊಂಡರು. ಹಬ್ಬದ ಖರ್ಚಿಗೆ ಒಕ್ಕಲುಗಳಿಂದ ಪಾಲೆತ್ತುವುದು, ಗಡಿತಂಟೆಗಳನ್ನು ತೀರಿಸುವುದು, ಮದುವೆಯ ಮಾತುಕತೆಗೆ ಸಾಕ್ಷಿಯಾಗುವುದು, ಸಾವಿನ ಮನೆಗೆ ಮೊದಲು ಹೋಗಿ ನಿಲ್ಲುವುದು, ಇವೆಲ್ಲ ಅವನ ಕರ್ತವ್ಯಗಳು. ಮರಣಶಯ್ಯೆಯಲ್ಲಿರುವವನ ಬಳಿ ಪಾದ್ರಿ ಬಂದು ತಲಪುವ ಮೊದಲೇ ಪ್ರಾರ್ಥನೆಯನ್ನು ಆರಂಭಿಸತಕ್ಕವರು ಇಂಥ ಹಿರಿಯರೇ. ಕಥೋಲಿಕ ಧರ್ಮಶಾಸ್ತ್ರದ ಪ್ರಕಾರ ಬಲಿಪೂಜೆಗೂ ಪಾಪನಿವೇದನೆಗೂ ಗುರು ಬೇಕೇಬೇಕು. ಆದರೆ ಅನಿವಾರ್ಯ ಸಂದರ್ಭದಲ್ಲಿ ದೀಕ್ಷಾಸ್ನಾನವನ್ನು ಯಾರು ಬೇಕಾದರೂ ಕೊಡಬಹುದು. ನೀರೂ ನಿಯತವಾದ ವಾಕ್ಯವೂ ಶುದ್ಧವಾದ ಉದ್ದೇಶವೂ ಇದ್ದರೆ ಸಾಕು. ಈ ನಿಯಮವು ಸೂಲಗಿತ್ತಿಯವರೆಗೆ ಎಲ್ಲರಿಗೂ ತಿಳಿದಿರಬೇಕೆಂದು ಪಾದ್ರಿಗಳು ಉಪದೇಶಿಸುತ್ತಿದ್ದರು.

ಗುರಿಕಾರನಿಗಿಂತಲೂ ಆಳವಾಗಿ ಬೇರೂರಿದ್ದದ್ದು ಮನೆಯ ಸಾಯಂಪ್ರಾರ್ಥನೆ. ದೀಪ ಹಚ್ಚುವ ಹೊತ್ತಿಗೆ ಮನೆಯವರೆಲ್ಲರೂ, ಗದ್ದೆಯಿಂದ ಬಂದ ಆಳುಮಕ್ಕಳೂ ಸೇರಿ, ಗೋಡೆಯ ಮೇಲಿನ ಶಿಲುಬೆಯ ಮುಂದೆ ಮೊಣಕಾಲೂರಿ, ಹಿರಿಯರೊಬ್ಬರು ಮೊದಲರ್ಧವನ್ನು ಹೇಳುವುದೂ ಉಳಿದವರು ಉತ್ತರಾರ್ಧವನ್ನು ಒಪ್ಪಿಸುವುದೂ, ಹೀಗೆ ಹತ್ತುಹತ್ತರ ಐದು ಆವರ್ತಗಳಲ್ಲಿ ಕನ್ಯಾ ಮರಿಯಮ್ಮನ ಜಪಸರವನ್ನು ಮುಗಿಸುವುದೂ ಪದ್ಧತಿ. ಕೊಂಕಣಿಯಲ್ಲಿ ಇದನ್ನು ತೇರ್ಸ್ ಎನ್ನುತ್ತಾರೆ. ಒಂದೊಂದು ಆವರ್ತಕ್ಕೂ ಯೇಸುವಿನ ಜನನ, ಬೇನೆ, ಪುನರುತ್ಥಾನಗಳಲ್ಲಿ ಒಂದು ಪ್ರಸಂಗವು ಧ್ಯಾನಕ್ಕೆ ನಿಯತವಾಗಿರುವುದರಿಂದ, ಓದುಬರಹ ಬಾರದ ಹೆಂಗಸೂ ವಾರದ ಏಳು ದಿನಗಳಲ್ಲಿ ಸುವಾರ್ತೆಯ ಮುಖ್ಯ ಕಥೆಗಳನ್ನೆಲ್ಲ ಮನಸ್ಸಿನಲ್ಲಿ ಒಂದು ಸುತ್ತು ಹಾಕಿಬಿಡುತ್ತಾಳೆ. ಜಪ ಮುಗಿದ ಮೇಲೆ ಕಿರಿಯರು ಹಿರಿಯರೊಬ್ಬೊಬ್ಬರ ಮುಂದೆ ಕೈಜೋಡಿಸಿ ಬೆಸಾಂವ್, ಎಂದರೆ ಆಶೀರ್ವಾದ, ಬೇಡುವರು. ಇದರಲ್ಲಿ ಪುಸ್ತಕದ ಹಂಗಿಲ್ಲ, ಕಟ್ಟಡದ ಹಂಗಿಲ್ಲ. ಜಪಸರದ ಮಣಿಗಳು ಕೈಗೆ ಸಿಕ್ಕದಿದ್ದರೆ ಹತ್ತು ಬೆರಳುಗಳುಂಟು. ಇದನ್ನು ಸುಟ್ಟುಹಾಕಲು ಬೆಂಕಿಗೆ ಆಗದು, ಕೆಡವಲು ಹಾರೆಗೆ ಆಗದು.

ಇದಕ್ಕೆ ಇನ್ನೊಂದು ಕೂಡಿಕೊಂಡಿತ್ತು: ಹಾಡು. ತಾಮಸ್ ಸ್ಟೀಫನ್ಸ್ ಎಂಬ ಇಂಗ್ಲಿಷ್ ಜೆಸುಯಿಟ್ ಪಾದ್ರಿಗಳು 1579ರಲ್ಲಿ ಗೋವೆಗೆ ಬಂದು, ನಾಲ್ವತ್ತು ವರ್ಷ ಅಲ್ಲಿಯೇ ಇದ್ದು, ಅಲ್ಲಿಯೇ ಮಣ್ಣಾದರು. ಹೊಸದಾಗಿ ಕ್ರೈಸ್ತರಾದವರು ತಮ್ಮ ಹಳೆಯ ಪುರಾಣಶ್ರವಣದ ಸುಖವನ್ನು ಕಳೆದುಕೊಂಡು ಪರಿತಪಿಸುತ್ತಿದ್ದುದನ್ನು ಕಂಡು, ಅವರು ಜಗತ್ಸೃಷ್ಟಿಯಿಂದ ಮೊದಲುಮಾಡಿ ಕ್ರಿಸ್ತನ ಸ್ವರ್ಗಾರೋಹಣದವರೆಗಿನ ಕಥೆಯನ್ನೆಲ್ಲ, ಕೊಂಕಣಿಯ ಛಾಯೆಯುಳ್ಳ ಮರಾಠಿಯಲ್ಲಿ, ಸುಮಾರು 11 ಸಾವಿರ ಓವಿಗಳಲ್ಲಿ ರಚಿಸಿದರು. ಅದೇ ಕ್ರಿಸ್ತಪುರಾಣ; 1616ರಲ್ಲಿ ಅಚ್ಚಾಯಿತು, 1649ರಲ್ಲಿಯೂ 1654ರಲ್ಲಿಯೂ ಮರುಮುದ್ರಣಗೊಂಡಿತು. ಓವಿಯೆಂದರೆ ಬೀಸುವ ಕಲ್ಲಿನ ಮುಂದೆ ಕುಳಿತ ಹೆಂಗಸಿನ ಬಾಯಲ್ಲಿ ತಾನೇ ತಾನಾಗಿ ಹರಿಯತಕ್ಕ ಮಟ್ಟು. ಆದರೆ ಗೋವೆಯ ಅಧಿಕಾರಿಗಳ ದೃಷ್ಟಿ ಕಾಲಕ್ರಮದಲ್ಲಿ ಬದಲಾಯಿತು. 1684ರಲ್ಲಿ ಅಲ್ಲಿನ ವೈಸರಾಯನು ಹೊರಡಿಸಿದ ಆಜ್ಞೆಯಂತೆ ಜನರು ಮೂರು ವರ್ಷಗಳೊಳಗಾಗಿ ತಾಯ್ನುಡಿಯನ್ನು ತೊರೆದು ಪೋರ್ಚುಗೀಸ್ ಭಾಷೆಯನ್ನು ಆಡಬೇಕಾಯಿತು. ಹುಟ್ಟಿದ ಊರಿನಲ್ಲಿ ಕಳೆಗುಂದಿದ ಪುರಾಣವು, ಆ ಆಜ್ಞೆ ಮುಟ್ಟದ ಕೆನರಾದ ಗದ್ದೆಬಯಲಿನ ಮನೆಗಳಲ್ಲಿ, ಕೈಬರಹದ ಪ್ರತಿಗಳಾಗಿ ಉಳಿದು, ತಪಸ್ಸುಕಾಲದ ರಾತ್ರಿಗಳಲ್ಲಿ ರಾಗವಾಗಿ ಓದಲ್ಪಡುತ್ತಿತ್ತು.

ಹೀಗೆ ಗುರಿಕಾರ, ಜಪಸರ, ಪುರಾಣ, ಇವುಗಳೊಡನೆ ವರ್ಷಕ್ಕೊಮ್ಮೆ ಸೆಪ್ಟೆಂಬರ್ 8ರಂದು ಬರುವ ಮೊಂತಿ ಹಬ್ಬ. ಮಾತೆ ಮರಿಯಮ್ಮನ ಜನ್ಮದಿನವನ್ನೂ ತೆನೆಹಬ್ಬವನ್ನೂ ಒಂದಾಗಿ ಹೆಣೆದ ಈ ಆಚರಣೆಯನ್ನು ಫರಂಗಿಪೇಟೆಯ ಮೊಂತೆ ಮರಿಯಾನೊ ಮಠದಲ್ಲಿ 1763ರಲ್ಲಿ ಪಾದ್ರಿ ಜೋಕಿಂ ಮಿರಾಂದರು ಆರಂಭಿಸಿದರೆಂದು ಪ್ರತೀತಿ. ಎಳೆಯ ಮಕ್ಕಳು ಒಂಬತ್ತು ದಿನ ಹೂ ತಂದು ಬಾಲಮರಿಯಳ ಪ್ರತಿಮೆಗೆ ಅರ್ಪಿಸುವರು, ಹಬ್ಬದಂದು ಆಶೀರ್ವದಿಸಿದ ತೆನೆ ಮನೆಮನೆಗೆ ಬರುವುದು, ಯಜಮಾನನು ಅದರ ಕಾಳುಗಳನ್ನು ಸುಲಿದು ಹಾಲಿನಲ್ಲಿಯೋ ಪಾಯಸದಲ್ಲಿಯೋ ಹಾಕಿಸಿ, ಎಲ್ಲರಿಗೂ ಹಂಚುವನು, ಮೀನುಮಾಂಸಗಳಿಲ್ಲದ ಊಟ. ಈ ಮಿರಾಂದರು ಟಿಪ್ಪುವಿನ ತಂದೆಯಾದ ಹೈದರಾಲಿಯ ಗೌರವಕ್ಕೆ ಪಾತ್ರರಾಗಿದ್ದವರು.

ಈಗ ಸೆರೆಯ ಪ್ರಸಂಗಕ್ಕೆ ಬರೋಣ. 1783ರ ಮಾರ್ಚಿಯಲ್ಲಿ ಜನರಲ್ ಮ್ಯಾಥ್ಯೂಸನ ನಾಯಕತ್ವದಲ್ಲಿ ಇಂಗ್ಲಿಷ್ ಈಸ್ಟ್ ಇಂಡಿಯಾ ಕಂಪೆನಿಯ ಸೈನ್ಯವು ಮಂಗಳೂರಿನ ಕೋಟೆಯನ್ನು ಹಿಡಿಯಿತು. ಆಗತಾನೆ ಪಟ್ಟವೇರಿದ್ದ ಟಿಪ್ಪುಸುಲ್ತಾನನು ಮೇ ತಿಂಗಳಿನಿಂದ ಕೋಟೆಗೆ ಮುತ್ತಿಗೆ ಹಾಕಿ, 1784ರ ಜನವರಿಯ ಕೊನೆಗೆ ಅದನ್ನು ಮರಳಿ ಪಡೆದನು. ಕ್ರೈಸ್ತರು ಇಂಗ್ಲಿಷರಿಗೆ ಹಣವನ್ನೂ ಧಾನ್ಯವನ್ನೂ ಒದಗಿಸಿ ದ್ರೋಹವೆಸಗಿದರೆಂಬುದು ಅವನ ಆರೋಪ. ಫೆಬ್ರವರಿಯ ಕೊನೆಯ ವಾರದಲ್ಲಿ, ತಪಸ್ಸುಕಾಲವು ಬೂದಿ ಬುಧವಾರದೊಡನೆ ಆರಂಭವಾಗುವ ಸಂದರ್ಭದಲ್ಲಿಯೇ, ಸೀಮೆಯ ಕ್ರೈಸ್ತರನ್ನು ಏಕಕಾಲದಲ್ಲಿ ಹಿಡಿಯಲಾಯಿತು. ಇಪ್ಪತ್ತೊಂದು ಮಂದಿ ಪಾದ್ರಿಗಳು ಗೋವೆಗೆ ಅಟ್ಟಲ್ಪಟ್ಟರು. ಇಪ್ಪತ್ತೇಳು ಇಗರ್ಜಿಗಳು ನೆಲಸಮವಾದವು. ಹೊಲಮನೆಗಳು ಸರ್ಕಾರದ ವಶವಾದವು. ಗಂಡಸು, ಹೆಂಗಸು, ಮುದುಕ, ಮಗು ಎನ್ನದೆ ಎಲ್ಲರನ್ನೂ ಘಟ್ಟ ಹತ್ತಿಸಿ, ಕಾಡುದಾರಿಯಲ್ಲಿ ಶ್ರೀರಂಗಪಟ್ಟಣಕ್ಕೆ ನಡೆಸಲಾಯಿತು. ಎಷ್ಟು ಜನವೆಂಬುದರಲ್ಲಿ ಬರೆದವರಿಗೆ ಒಮ್ಮತವಿಲ್ಲ: ಆಗ ಅಲ್ಲಿಯೇ ಸೆರೆಯಲ್ಲಿದ್ದ ಜೇಮ್ಸ್ ಸ್ಕರಿ ಎಂಬ ಇಂಗ್ಲಿಷ್ ನಾವಿಕನ ಪ್ರಕಾರ 30 ಸಾವಿರ, ದುಬಾಯ್ ಅವರ ಪ್ರಕಾರ 60 ಸಾವಿರಕ್ಕೂ ಮೇಲೆ. ದಾರಿಯಲ್ಲಿ ಹಸಿವಿನಿಂದಲೂ ಜ್ವರದಿಂದಲೂ ಅಳಿದವರು ಅನೇಕರು. ಪಟ್ಟಣವನ್ನು ತಲಪಿದವರಲ್ಲಿ ಪುರುಷರಿಗೆ ಬಲಾತ್ಕಾರವಾಗಿ ಸುನ್ನತಿ ಮಾಡಿಸಿ, ಹೊಸ ಹೆಸರುಗಳನ್ನಿಟ್ಟು, ತರುಣರನ್ನು ಸೈನ್ಯದ ದಳಗಳಿಗೆ ಸೇರಿಸಿದರು.

ಟಿಪ್ಪುವಿನ ವಿಷಯದಲ್ಲಿ ಅವನನ್ನು ಬರಿಯ ಮತಾಂಧನೆಂದು ಚಿತ್ರಿಸುವುದೂ ಸುಲಭ, ಈ ಪ್ರಸಂಗವನ್ನೇ ಮರೆಮಾಚುವುದೂ ಸುಲಭ. ಎರಡೂ ಚರಿತ್ರೆಗೆ ಸಲ್ಲದು. 1791ರಲ್ಲಿ ಮರಾಠಾ ದಂಡಿನವರು ಶೃಂಗೇರಿಯ ಮಠವನ್ನು ಸೂರೆಮಾಡಿದಾಗ, ಪೂಜೆ ಮತ್ತೆ ನಡೆಯಲೆಂದು ಹಣವನ್ನೂ ಭಕ್ತಿಪೂರ್ವಕವಾದ ಪತ್ರಗಳನ್ನೂ ಕಳುಹಿಸಿದವನು ಅವನೇ. ಕೆನರಾದ ಕ್ರೈಸ್ತರನ್ನು ಅವನು ಕಂಡದ್ದು ಶತ್ರುವಿನ ಪಕ್ಷದವರೆಂದು. ರಾಜಕೀಯ ಶಂಕೆಯೇ ಮೂಲ. ಆದರೆ ಕೆಲವರ ಮೇಲಿನ ಶಂಕೆಗಾಗಿ ತೊಟ್ಟಿಲ ಕೂಸನ್ನೂ ಘಟ್ಟ ಹತ್ತಿಸಿದ್ದಕ್ಕೆ ಯಾವ ರಾಜನೀತಿಯಲ್ಲಿಯೂ ಸಮರ್ಥನೆ ದೊರೆಯದು. ಅತ್ತ ಕಂಪೆನಿಯವರಾದರೋ ಮಾರ್ಚಿ 11ರಂದು ಸುಲ್ತಾನನೊಡನೆ ಸಂಧಿಪತ್ರಕ್ಕೆ ರುಜು ಹಾಕಿದರು. ಆ ಹೊತ್ತಿಗೆ ಸೆರೆಯಾಳುಗಳು ಸುಲ್ತಾನನ ಕೈಸೇರಿ ಎರಡು ವಾರಗಳಾಗಿದ್ದವು. ಆ ದುರ್ದಿನಗಳಲ್ಲಿ ಕರುಣೆ ತೋರಿದವರು ನೆರೆಹೊರೆಯವರು. ಮೂಡಬಿದಿರೆಯ ಜೈನ ಅರಸನಾದ ಚೌಟನು ಅಡ್ಡ ನಿಂತದ್ದರಿಂದ ಅಲ್ಲಿನ ಹೊಸಬೆಟ್ಟು ಇಗರ್ಜಿ ಉಳಿಯಿತೆಂದು ಹೇಳುವರು. ಮಿರಾಂದರ ಮೇಲೆ ಹೈದರನಿಗಿದ್ದ ಮನ್ನಣೆಯಿಂದ ಫರಂಗಿಪೇಟೆಯ ಮಠ ಉಳಿಯಿತು. ತಪ್ಪಿಸಿಕೊಂಡು ಕೊಡಗಿಗೆ ಓಡಿದ ಕುಟುಂಬಗಳಿಗೆ ಹಾಲೇರಿಯ ದೊಡ್ಡ ವೀರರಾಜೇಂದ್ರನು ನೆಲೆ ಕೊಟ್ಟನು. ತನ್ನ ಹೆಸರಿನಲ್ಲಿ ಕಟ್ಟಿಸಿದ ವೀರರಾಜಪೇಟೆಯಲ್ಲಿ 1792ರಲ್ಲಿಯೇ ಅವರಿಗಾಗಿ ಸಂತ ಅನ್ನಮ್ಮನ ದೇವಾಲಯ ಏಳಲು ಆತನು ಅನುವು ಮಾಡಿದನು. ಶ್ರೀರಂಗಪಟ್ಟಣದಲ್ಲಿ ಕ್ರಿಸ್ತನ ಹೆಸರನ್ನು ಗಟ್ಟಿಯಾಗಿ ಎತ್ತಲಾಗದ ಅದೇ ವರ್ಷಗಳಲ್ಲಿ, ಕೆಲವು ಹರಿದಾರಿ ಆಚೆ, ಒಬ್ಬ ವೀರಶೈವ ದೊರೆಯ ನೆರಳಿನಲ್ಲಿ, ಅವರ ಬಂಧುಗಳು ಬಲಿಪೂಜೆಯನ್ನು ಕೇಳುತ್ತಿದ್ದರು.

ಶ್ರೀರಂಗಪಟ್ಟಣದಲ್ಲಿ ಉಳಿದವರ ಪಾಲಿಗೆ ಗುರುವೂ ಇಲ್ಲ, ಗುಡಿಯೂ ಇಲ್ಲ. ಹಗಲಲ್ಲಿ ಹೊಸ ಹೆಸರಿಗೆ ಓಗೊಟ್ಟವರು ಇರುಳಲ್ಲಿ ಬಾಗಿಲಿಕ್ಕಿದ ಮೇಲೆ ಯಾವ ಹೆಸರಿನಿಂದ ಒಬ್ಬರನ್ನೊಬ್ಬರು ಕರೆದಿರಬಹುದು? ಮರಳಿ ಬಂದಾಗ ಅವರ ನಾಲಗೆಯಲ್ಲಿ ಕೊಂಕಣಿ ಹಾಗೆಯೇ ಇತ್ತು. ಪ್ರಭು, ಕಾಮತ, ಪೈ ಎಂಬ ಪುರಾತನ ಮನೆತನದ ಹೆಸರುಗಳೂ, ಅವುಗಳ ಮೇಲೆ ಹೊದ್ದುಕೊಂಡ ಲೋಬೊ, ಸಲ್ಡಾನಾ, ಪಿಂತೊ ಎಂಬ ಹೆಸರುಗಳೂ ಇದ್ದುವು. ಸೆರೆಯಲ್ಲಿ ಅವರಿಗೆ ಬಲಕೊಟ್ಟದ್ದು ಕ್ರಿಸ್ತಪುರಾಣದ ಓವಿಗಳೆಂಬುದು ಆ ಜನರಲ್ಲಿ ತಲೆಮಾರುಗಳಿಂದ ಬಂದ ಮಾತು. ಅದನ್ನು ನಂಬಲು ನನಗೆ ಯಾವ ಅಡ್ಡಿಯೂ ಕಾಣದು. ಏಕೆಂದರೆ ಸೆರೆಯಲ್ಲಿ ಬೆಳೆದ ಮಕ್ಕಳಿಗೆ ಕ್ರಿಸ್ತನ ಕಥೆ ತಿಳಿದಿತ್ತಾದರೆ, ಅದು ತಾಯಿಯ ಅಜ್ಜಿಯ ಬಾಯಿಂದಲ್ಲದೆ ಬೇರೆ ದಾರಿಯಿಂದ ಬಂದಿರಲಾರದು. ತುಂಬ ದೊಡ್ಡ ಪಂಡಿತರೂ ತುಂಬ ದೊಡ್ಡ ಮಠಗಳೂ ಮಾಡದ ಕೆಲಸವನ್ನು, ಸಂಜೆಯ ಅರ್ಧಗಂಟೆಯ ಅಭ್ಯಾಸಬಲವೊಂದೇ ಮಾಡಿತು.

ಹಾಗಾದರೆ ದುಬಾಯ್ ಅವರ ತೀರ್ಪಿನ ಗತಿಯೇನು? ಹುತಾತ್ಮರ ಮಹಿಮೆಯನ್ನು ನಾನು ಅಲ್ಲಗಳೆಯುವವನಲ್ಲ. ಆದರೆ ಕ್ರೈಸ್ತಸಭೆಯ ಚರಿತ್ರೆಯಲ್ಲಿ ಈ ಪ್ರಶ್ನೆ ಹೊಸದಲ್ಲ. ಕ್ರಿ.ಶ. 250ರಲ್ಲಿ ರೋಮ್ ಸಾಮ್ರಾಟನಾದ ಡೇಸಿಯಸನು ಪ್ರಜೆಗಳೆಲ್ಲರೂ ದೇವತೆಗಳಿಗೆ ಬಲಿಯರ್ಪಿಸಿ ಪ್ರಮಾಣಪತ್ರ ಪಡೆಯಬೇಕೆಂದು ಆಜ್ಞಾಪಿಸಿದಾಗ, ಕಾರ್ಥೇಜಿನಲ್ಲಿ ಕ್ರೈಸ್ತರು ಗುಂಪುಗುಂಪಾಗಿ ಹೋಗಿ ಆ ಆಜ್ಞೆಗೆ ತಲೆಬಾಗಿದರು. ಕಿರುಕುಳ ತಣ್ಣಗಾದ ಮೇಲೆ ಅವರು ಕಣ್ಣೀರಿಡುತ್ತ ಹಿಂದಿರುಗಿ ಬಂದರು. ಅವರಿಗೆ ಬಾಗಿಲು ಎಂದೆಂದಿಗೂ ಮುಚ್ಚಿತೆಂದು ನೋವಾಷಿಯನನ ಪಕ್ಷದವರು ಹಟ ಹಿಡಿದರು. ಪ್ರಾಯಶ್ಚಿತ್ತವನ್ನು ವಿಧಿಸಿ ಒಳಗೆ ಕರೆದುಕೊಳ್ಳಬೇಕೆಂದು ಕಾರ್ಥೇಜಿನ ಬಿಷಪ್ ಸಿಪ್ರಿಯಾನರೂ 251ರ ಸಭೆಯೂ ನಿಶ್ಚಯಿಸಿದವು. ಹೀಗೆ ದಯೆಯ ಪಕ್ಷವನ್ನು ಹಿಡಿದ ಸಿಪ್ರಿಯಾನರೇ 258ರಲ್ಲಿ ತಮ್ಮ ಕುತ್ತಿಗೆಯನ್ನು ಖಡ್ಗಕ್ಕೆ ಒಡ್ಡಿದರೆಂಬುದು ಗಮನಾರ್ಹ. ತನಗೆ ಕಠಿನನಾದವನೇ ಪರರಿಗೆ ಮೃದುವಾದನು. ಸಭೆಯ ತಲೆಯಾದ ಪೇತ್ರನೇ ಕೋಳಿ ಕೂಗುವ ಮುನ್ನ ಮೂರು ಸಲ ಗುರುವನ್ನು ಅರಿಯೆನೆಂದವನಲ್ಲವೆ? ಜಪಾನಿನ ನಾಗಸಾಕಿಯ ಸಮೀಪ, ಎರಡು ಶತಮಾನಗಳಿಗೂ ಮೇಲ್ಪಟ್ಟು ಪಾದ್ರಿಗಳನ್ನು ಕಾಣದೆ, ಸರ್ಕಾರದ ಆಜ್ಞೆಯಂತೆ ಪವಿತ್ರ ಚಿತ್ರಗಳನ್ನು ತುಳಿದು, ಮನೆಗೆ ಬಂದು ಪಶ್ಚಾತ್ತಾಪದ ಪ್ರಾರ್ಥನೆ ಮಾಡುತ್ತಿದ್ದ ಹಳ್ಳಿಗರು 1865ರಲ್ಲಿ ಫ್ರೆಂಚ್ ಪಾದ್ರಿಯೊಬ್ಬರ ಮುಂದೆ ಬಂದು ನಿಂತು, ನಿಮ್ಮ ಹೃದಯವೇ ನಮ್ಮ ಹೃದಯವೆಂದು ಅರುಹಿದಾಗ, ಲೋಕವು ಅದನ್ನು ಪವಾಡವೆಂದು ಕೊಂಡಾಡಿತು. ಅಲ್ಲಿಯೂ ದೀಕ್ಷಾಸ್ನಾನ ಕೊಡುವವನು, ಹಬ್ಬಹರಿದಿನಗಳ ಲೆಕ್ಕವಿಡುವವನು ಎಂದು ಗೃಹಸ್ಥರೇ ಹಂಚಿಕೊಂಡು ನಡೆಸಿದ್ದರು. ನಾಗಸಾಕಿಗೆ ಸಂದ ಮನ್ನಣೆ ಶ್ರೀರಂಗಪಟ್ಟಣಕ್ಕೆ ಸಲ್ಲದಿರಲು ಕಾರಣವನ್ನು ನಾನು ಕಾಣೆ.

ದುಬಾಯ್ ಅವರ ಲೇಖನಿ ಎಷ್ಟು ಕಠಿನವಾಗಿದ್ದರೂ ಅವರ ಕೈ ಹಾಗಿರಲಿಲ್ಲ. 1799ರ ಮೇ 4ರಂದು ಕೋಟೆ ಬಿದ್ದ ಮೇಲೆ ಶ್ರೀರಂಗಪಟ್ಟಣಕ್ಕೆ ಬಂದ ಅವರು, ಅಲ್ಲಿಯೇ ಉಳಿದ ಕ್ರೈಸ್ತರನ್ನು ಒಬ್ಬೊಬ್ಬರನ್ನಾಗಿ ವಿಚಾರಿಸಿ, ಸಭೆಗೆ ಮರಳಿ ಸೇರಿಸಿಕೊಂಡು, ನೆಲೆತಪ್ಪಿದವರಿಗೆ ಬೇಸಾಯದ ಊರುಗಳನ್ನು ಏರ್ಪಡಿಸಿಕೊಟ್ಟರು. ಸಿಡುಬು ಬಂದಾಗ ಹೊಸದಾಗಿ ಬಂದಿದ್ದ ದೇವಿಹಾಕುವ ವಿಧಾನವನ್ನು ತಾವೇ ಹಳ್ಳಿಗಳಿಗೆ ಒಯ್ದು, 1803–04ರ ಅವಧಿಯಲ್ಲಿ 25,432 ಜನರಿಗೆ ಹಾಕಿಸಿದರೆಂದು ದಾಖಲೆಯಿದೆ. ಮೈಸೂರು ಸೀಮೆಯ ಜನರು ಅವರನ್ನು ದೊಡ್ಡ ಸ್ವಾಮಿಯವರೆಂದು ಕರೆದರು.

ಮಂಗಳೂರಿಗೆ ಇಳಿದವರ ಪಾಡು ಬೇರೆ. ಹೋದಾಗ ಒಕ್ಕಲಾಗಿದ್ದವರು ಬಂದಾಗ ನಿರ್ಗತಿಕರು. ಅವರ ಗದ್ದೆಗಳನ್ನು ಬೇರೆಯವರು ಉತ್ತು ಹದಿನೈದು ಬೆಳೆಗಳಾಗಿದ್ದವು. ಕೆನರಾದ ಮೊದಲ ಕಲೆಕ್ಟರನಾದ ಥಾಮಸ್ ಮನ್ರೋ ಮತ್ತು ಅವನ ಅನಂತರದವರ ಕಚೇರಿಗಳಲ್ಲಿ ಭೂಮಿಯ ವ್ಯಾಜ್ಯಗಳು ಬಹುಕಾಲ ನಡೆದವು. ಗೋವೆಯಿಂದ ಪಾದ್ರಿಗಳು ಮರಳಿ ಬಂದರು. ಮುಳಿಹುಲ್ಲಿನ ಚಪ್ಪರಗಳಲ್ಲಿ ಬಲಿಪೂಜೆ ಮೊದಲಾಯಿತು. ಒಂದೊಂದಾಗಿ ಇಗರ್ಜಿಗಳು ಎದ್ದವು. ಅದಾದ ಮೇಲೂ ನೆಮ್ಮದಿ ಪೂರ್ಣವಾಗಿ ದೊರೆಯಲಿಲ್ಲ: ಗೋವೆಗೂ ರೋಮಿಗೂ ನಡುವಣ ಹಳೆಯ ಅಧಿಕಾರಕಲಹ ಮತ್ತೆ ತಲೆಯೆತ್ತಿ, ಒಂದೇ ಮನೆಯವರು ಬೇರೆಬೇರೆ ಬಿಷಪರ ಕಡೆಯವರಾದ ಕಾಲವೂ ಬಂದಿತು. 1878ರ ಕೊನೆಯ ದಿನ ಇಟಲಿಯ ಜೆಸುಯಿಟರು ಮಂಗಳೂರಿಗೆ ಬಂದಿಳಿದರು. 1880ರಲ್ಲಿ ಸಂತ ಅಲೋಶಿಯಸ್ ಕಾಲೇಜು ಆರಂಭವಾಯಿತು. 1886ರಲ್ಲಿ ಮಂಗಳೂರು ಸ್ವತಂತ್ರ ಧರ್ಮಪ್ರಾಂತವಾಯಿತು. ಕಾಲೇಜಿಗೆ ಎಡ್ಯಾ ಗುಡ್ಡದ ಮೇಲಿನ ಭೂಮಿಯನ್ನು ದಾನವಾಗಿ ಕೊಟ್ಟವರು ಈ ಸಮುದಾಯದವರೇ ಆದ ಲೋಬೊ ಪ್ರಭು ಮನೆತನದವರು.

ಕ್ರಿಸ್ತಪುರಾಣದ ಕಥೆಯನ್ನು ಹೇಳುವುದು ಉಳಿದಿದೆ. ಗೋವೆಯಲ್ಲಿ ಅಚ್ಚಾದ ಮೂರು ಮುದ್ರಣಗಳಲ್ಲಿ ಒಂದರ ಪ್ರತಿಯೂ ಉಳಿದಿರುವುದು ತಿಳಿದಿಲ್ಲ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮಂಗಳೂರಿನ ಜೋಸೆಫ್ ಎಲ್. ಸಲ್ಡಾನಾ ಎಂಬ ವಿದ್ವಾಂಸರು ಈ ಕಾವ್ಯವನ್ನು ಪುನರುದ್ಧಾರ ಮಾಡಲು ಹೊರಟಾಗ, ಅವರಿಗೆ ಆಧಾರವಾಗಿ ಒದಗಿದ್ದು ಕೆನರಾದ ಕ್ರೈಸ್ತ ಮನೆತನಗಳಲ್ಲಿ ಉಳಿದುಬಂದಿದ್ದ ಕೈಬರಹದ ಪ್ರತಿಗಳು. ಅವುಗಳನ್ನು ತಂದು, ಒಂದಕ್ಕೊಂದನ್ನು ಹೋಲಿಸಿ, ಪಾಠಗಳನ್ನು ನಿಶ್ಚಯಿಸಿ, ದೀರ್ಘವಾದ ಪೀಠಿಕೆಯೊಡನೆ 1907ರಲ್ಲಿ ಅವರು ಮಂಗಳೂರಿನಲ್ಲಿ ಅದನ್ನು ಅಚ್ಚುಹಾಕಿಸಿದರು. ಮರಾಠಿಯ ವಿದ್ವಾಂಸರು ಫಾದರ್ ಸ್ಟೀಫನ್ಸರನ್ನು ತಮ್ಮ ಸಾಹಿತ್ಯದ ಕವಿಗಳ ಸಾಲಿನಲ್ಲಿ ಇಟ್ಟು ಓದತೊಡಗಿದ್ದು ಈ ಮುದ್ರಣದಿಂದ. ಆ ಗ್ರಂಥವನ್ನು ಅಲ್ಲಿಯವರೆಗೆ ಕಾಪಾಡಿದವರು ತುಳುನಾಡಿನ ಒಕ್ಕಲು ಮನೆಗಳವರು.